ಪಕ್ಕೆ ಹಾರುವುದೆಂದರೆ

ನಮ್ಮ ನಾಲ್ಕನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳಿಗೆ ಪುಟ್ಟ ತಮ್ಮನಿದ್ದಾನೆ. ಹುಟ್ಟುವಾಗಲೇ ಮೆದುಳಿಗೆ ಘಾಸಿಯಾದ ಕೂಸು. ಕತ್ತು ನಿಲ್ಲದು, ಮಾತಿಲ್ಲ. ಆಗಾಗ ಸೆಳವು ಬರುವುದು. ಹಾಲು-ಗಂಜಿಗಳನ್ನು ಮೂಗಿನ ನಳಿಕೆಯಿಂದಲೇ ಹೊಟ್ಟೆಗಿಳಿಸಬೇಕು. ಇಂಥ ಮಗುವನ್ನು ಹೊತ್ತು ಮುಂಬಯಿಯ ಲೋಕಲ್ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿಬಂದರೆ ತಾಯಿಗೆ ಆ ದಿನದ ಕೂಲಿ ಹೋಯಿತು, ಮಗುವಿಗೆ ಹೊಸದೊಂದು ಕೆಮ್ಮು ಅಂಟಿತು.

2020ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರವು ದೂರವೈದ್ಯಕ್ಕೆ ನಿಯಮಗಳನ್ನು ಹೊರಡಿಸಿತಷ್ಟೆ. ಆ ಬಳಿಕ ಮಗುವಿನ ವೈದ್ಯರು ಮೊಬೈಲಿನ ವಿಡಿಯೋದಲ್ಲಿಯೇ ನೋಡತೊಡಗಿದರು. ಸೆಳವಿನ ಔಷಧಿಯ ಪ್ರಮಾಣ ಬದಲಿಸುವುದು, ನಳಿಕೆಯ ಅಂಟುಪಟ್ಟಿಯಡಿ ಕೆಂಪಾದ ಚರ್ಮವನ್ನು ಪರೀಕ್ಷಿಸುವುದು, ಇವಕ್ಕೆಲ್ಲ ಮನೆಯೇ ಸಾಕಾಯಿತು. ತಾಯಿ ಕಲಬುರ್ಗಿಯ ಕಡೆಯವಳು, ಹಿಂದಿ ಬಾರದು; ವೈದ್ಯರಿಗೆ ಕನ್ನಡ ಬಾರದು. ದುಭಾಷಿಯ ಕೆಲಸ ನನ್ನ ಪಾಲಿಗೆ ಬಂದಿತು. ನಾನು ಉಡುಪಿಯ ಕಡೆಯವನು. ಕನ್ನಡ ಕಲಿಸುವವನೆಂಬ ಹಮ್ಮು ಬೇರೆ.

2023ರ ಮಳೆಗಾಲದ ಒಂದು ಸಂಜೆ. ಮಗುವಿಗೆ ಆಗ ನಾಲ್ಕು ವರ್ಷ. "ಮಾಸ್ತರ, ಪಕ್ಕಿ ಹಾರ್ಲಕತ್ತಾವ್ರೀ" ಎಂದಳು ತಾಯಿ. ಪಕ್ಕೆಯಲ್ಲಿ ನೋವಿರಬೇಕೆಂದು ಬಗೆದು ನಾನು ಹಿಂದಿಯಲ್ಲಿ ಹಾಗೆಯೇ ಹೇಳಿಬಿಟ್ಟೆ.

ವೈದ್ಯರು ಕ್ಷಣಕಾಲ ಸುಮ್ಮನಿದ್ದರು. ಮಾತು ಬಾರದ ಮಗು ತನಗೆ ಪಕ್ಕೆನೋವೆಂದು ಯಾರಿಗೆ ಹೇಳಿತೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂಗಿ ಎತ್ತಿ ಎದೆ ತೋರಿಸಲು ಹೇಳಿ, ಗಡಿಯಾರ ಹಿಡಿದು ಒಂದು ಪೂರ್ಣ ನಿಮಿಷ ಉಸಿರೆಣಿಸಲು ನನಗೆ ಸೂಚಿಸಿದರು. 58! ಈ ವಯಸ್ಸಿಗೆ 40 ಮುಟ್ಟಿದರೇ ಅದು ವೇಗದ ಉಸಿರಾಟ. ಪ್ರತಿ ಉಸಿರಿಗೂ ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಪಕ್ಕೆ ಹಾರುವುದೆಂದರೆ ಇದು, ನ್ಯುಮೋನಿಯಾದ ಲಕ್ಷಣ. ತಾಯಿ ಮೊದಲ ಮಾತಿನಲ್ಲಿಯೇ ಹೇಳಿದ್ದಳು. ಅದನ್ನು ಕೆಡಿಸಿದವನು ನಾನು.

ಇನ್ನು ಫೋನಿನ ಕೆಲಸವಲ್ಲ, ನಳಿಕೆಯಲ್ಲಿ ಏನನ್ನೂ ಹಾಕದೆ ಈಗಲೇ ಕರೆತನ್ನಿ ಎಂದರು ವೈದ್ಯರು. ಮಳೆಯಲ್ಲಿ ಟ್ಯಾಕ್ಸಿ ಸಿಕ್ಕುವವರೆಗಿನ ಆ ಹೊತ್ತು ನನಗೆ ಇಂದಿಗೂ ಮರೆತಿಲ್ಲ. ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಏಳು ದಿನ ಆಮ್ಲಜನಕ, ಸೂಜಿಮದ್ದು. ಎಂಟನೆಯ ದಿನ ಮಗು ಮನೆಗೆ ಬಂದಿತು.

ಈಗ ನನ್ನ ಬಳಿ ಒಂದು ನೋಟುಪುಸ್ತಕವಿದೆ. ಆಕೆ ಆಡುವ ಮಾತನ್ನು ಆಡಿದಂತೆಯೇ ಬರೆದು, ಅರ್ಥವನ್ನು ಆಕೆಯಿಂದಲೇ ಕೇಳಿಕೊಂಡು, ಅನಂತರವೇ ವೈದ್ಯರಿಗೆ ತಿಳಿಸುತ್ತೇನೆ. ಮೊನ್ನೆ ಆಕೆ, "ಪಕ್ಕಿ ಹಾರೂದಕ್ಕ ನಿಮ್ಮ ಕಡಿ ಏನಂತಾರ್ರೀ ಮಾಸ್ತರ?" ಎಂದು ಕೇಳಿದಳು. ನಾನು ಊರಿಗೆ ಫೋನು ಹಚ್ಚಿ ಅಮ್ಮನನ್ನು ಕೇಳಬೇಕಾಯಿತು.