ಬಂಡೆಯ ಬಿರುಕಿನಲ್ಲೊಂದು ಉದ್ಯಾನ

ಜೋಧಪುರ,
ಮೇ ತಿಂಗಳು

ತೀರ್ಥರೂಪ ಸಮಾನರಾದ ಅಣ್ಣನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇಂತಹ ಬೇಸಗೆಯಲ್ಲಿ ಮರುಭೂಮಿಗೇಕೆ ಹೊರಟೆಯೆಂದು ತಾವು ಗದರಿಸಿದುದು ನ್ಯಾಯವೇ ಸರಿ. ಹೊತ್ತು ನೆತ್ತಿಗೇರುವ ಮುನ್ನವೇ ಇಲ್ಲಿಯವರು ‘ಲೂ’ ಎನ್ನುವ ಪಡುವಣ ಬಿಸಿಗಾಳಿ ಬೀಸತೊಡಗುತ್ತದೆ. ಧೋತರದ ಒಂದಂಚನ್ನು ಹರವಿ ಇನ್ನೊಂದಂಚಿಗೆ ಕೈಹಾಕುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ವರ್ಷದ ಮಳೆ ಸುಮಾರು 350 ಮಿಲಿಮೀಟರ್. ನಮ್ಮ ಚಳ್ಳಕೆರೆಯ ಸೀಮೆಯನ್ನು ಬರಡೆಂದು ಹಳಿಯುವವರು ಇತ್ತ ಒಮ್ಮೆ ಬಂದು ಹೋಗಬೇಕು.

1459ರಲ್ಲಿ ರಾವ್ ಜೋಧಾ ಅಡಿಪಾಯ ಹಾಕಿಸಿದ ಮೆಹರಾನ್‌ಗಢ ಕೋಟೆಯ ಬುಡದಲ್ಲಿ, ಸುಮಾರು 75 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿ ಕಾರಿದ ಶಿಲೆಗಳ ನಡುವೆ, ಎಪ್ಪತ್ತು ಹೆಕ್ಟೇರಿನಷ್ಟು ನೆಲವನ್ನು ನಮಗೆ ಚಿರಪರಿಚಿತವಾದ ಬಳ್ಳಾರಿ ಜಾಲಿಯೇ ಆಕ್ರಮಿಸಿಕೊಂಡಿತ್ತು. ಹಸಿರಾದರೆ ಸಾಕೆಂದು ಹಿಂದಿನವರು ಪರದೇಶದಿಂದ ತಂದು ಚೆಲ್ಲಿದ ಬೀಜವದು. ಕಡಿದಷ್ಟೂ ಬುಡದಿಂದ ಚಿಗುರುವ ಅದರ ಹಟಮಾರಿತನವನ್ನು ತಮಗೆ ನಾನು ಹೇಳಬೇಕಾದುದಿಲ್ಲ. 2006ರಲ್ಲಿ, ಸಸ್ಯಗಳ ವಿಷಯವಾಗಿ ಗ್ರಂಥಗಳನ್ನು ರಚಿಸಿರುವ ಪ್ರದೀಪ್ ಕೃಷನ್ ಅವರ ನೇತೃತ್ವದಲ್ಲಿ, ಅದನ್ನು ಬೇರುಸಹಿತ ತೆಗೆದು ಮರುಭೂಮಿಯ ಸ್ವಂತ ಗಿಡಗಳನ್ನು ನೆಡುವ ಕಾರ್ಯ ಆರಂಭವಾಯಿತು. ಆದರೆ ಬಂಡೆಯೊಳಗೆ ಇಳಿದ ಬೇರನ್ನು ಕೀಳುವುದೆಂತು? ಆ ವಿದ್ಯೆ ಇದ್ದುದು ಖಂಡ್ವಾಲಿಯಾ ಎಂಬ ಕಲ್ಲುಕೆಲಸದ ಜನರಲ್ಲಿ. ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ಹೊಮ್ಮುವ ನಾದದಿಂದಲೇ ಬಿರುಕು ಯಾವ ಕಡೆಗೆ ಓಡಿದೆಯೆಂದು ತಿಳಿದು, ಚಾಣವಿಟ್ಟು ಬಿಡಿಸಿ, ಜಾಲಿಯ ಬುಡವನ್ನು ಎತ್ತಿ, ಆ ಕುಳಿಯಲ್ಲಿಯೇ ಹೊಸ ಸಸಿಗೆ ಎಡೆ ಮಾಡಿಕೊಟ್ಟವರು ಅವರೇ. ಉದ್ಯಾನಶಾಸ್ತ್ರದ ಯಾವ ಪಂಡಿತನಿಗೂ ಈ ಕಿವಿ ಇರಲಾರದೆಂದು ನನ್ನ ಎಣಿಕೆ.

ಮುಂಜಾನೆಯೇ ಅಲ್ಲಿ ಸುತ್ತಾಡಿ ಬಂದೆ. ಥೋರ್ ಎಂಬ ಕಳ್ಳಿಯ ಮೆಳೆಯೊಂದರ ಬಳಿ ಬಹಳ ಹೊತ್ತು ನಿಂತೆನು. ಮಳೆಗಾಲದಲ್ಲಿ ಮಾತ್ರ ಎಲೆ ತಳೆದು ಮಿಕ್ಕ ಕಾಲದಲ್ಲಿ ಅದನ್ನು ಉದುರಿಸಿಬಿಡುವ ಈ ಗಿಡ, ತನ್ನ ಹಸಿರು ಕಾಂಡದಲ್ಲಿಯೇ ನೀರನ್ನು ಹಿಡಿದಿಟ್ಟು, ಆಹಾರವನ್ನೂ ಅಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತದೆ. ಗಾಳಿ ಅದರಿಂದ ಕಸಿಯಬಹುದಾದುದು ತೀರ ಸ್ವಲ್ಪ. ಗುಗ್ಗುಳದ ಗಿಡಗಳೂ ಅಲ್ಲಿವೆ. ಗುಲಾಬಿ ಒಂದೂ ಇಲ್ಲವೆಂದು ಸಹಪ್ರವಾಸಿಯೊಬ್ಬರು ಮುಖ ಸಿಂಡರಿಸಿದರು. ಇಂಥವರು ತೋಟವೆಂದರೆ ಕೊಳವೆಯ ತುದಿಯಲ್ಲಿ ಬದುಕುವುದೆಂದು ತಿಳಿದಿರುತ್ತಾರೆ.

ಬಿಸಿಗಾಳಿಯ ನಾಡಿನಲ್ಲಿ ಎಲೆಗಿಂತ ಮೊದಲು ಬೇರು ಬೆಳೆಯಬೇಕು. ಕಲ್ಲಿನ ಸಂದಿನಲ್ಲಿ ಇಂಗಿದ ನೀರು ಬಿಸಿಲಿಗೆ ಬೇಗನೆ ಆರಿಹೋಗದಾದುದರಿಂದ ಬೇರು ಅದನ್ನು ಅರಸಿಕೊಂಡು ಆಳಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಬೆಳೆದ ಸಸಿಯ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ; ಅಂತಹುದನ್ನು ನೆಟ್ಟು ಎಷ್ಟು ನೀರೆರೆದರೂ ಅದು ಮೇಲುಮಣ್ಣಿನಲ್ಲಿಯೇ ಉಳಿದು ಮುಂದಿನ ಬೇಸಗೆಗೆ ಒಣಗುವ ಸಂಭವವೇ ಹೆಚ್ಚು.

ಆದುದರಿಂದ ನನ್ನ ಬಿನ್ನಹವಿಷ್ಟು: ಊರಿನ ನಮ್ಮ ಬಾವಿಯಾಚೆಯ ಹಾಸುಬಂಡೆಯ ಮೇಲೆ ಕೆರೆಮಣ್ಣು ಹೊಡೆಸುವ ವಿಚಾರವನ್ನು ಸದ್ಯಕ್ಕೆ ಕೈಬಿಡಿ. ಮುಂಗಾರಿಗೆ ಮುನ್ನ ಬಲ್ಲ ಕಲ್ಲುಕುಟಿಗನೊಬ್ಬನನ್ನು ಕರೆಸಿ ಬಂಡೆಯನ್ನು ತಟ್ಟಿಸಿ ನೋಡಿ. ಎತ್ತರದ ಸಸಿಗಳನ್ನು ಕೊಳ್ಳುವುದು ಬೇಡ. ಗೇಣುದ್ದದ ಬನ್ನಿ, ಎಲಚಿಗಳು ಸಾಕು. ಅತ್ತಿಗೆಯವರಿಗೆ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು.

ಇಂತು ತಮ್ಮ ವಿಧೇಯನಾದ
ತಮ್ಮ