ಸೀಬರ್ಡ್ ಅಂದ್ರೆ ಹಕ್ಕೀನೂ ಹೌದು

ನಮ್ಮ ಕಾರವಾರ-ಅಂಕೋಲಾ ಕಡೆ ‘ಸೀಬರ್ಡ್’ ಅಂದ್ರೆ ಯಾರಿಗೂ ಹಕ್ಕಿ ನೆನಪಾಗೋದಿಲ್ಲ. 1986ರಲ್ಲಿ ಅಡಿಗಲ್ಲು ಹಾಕಿದ ನೌಕಾನೆಲೆ, ಅದಕ್ಕಾಗಿ ಮನೆ-ಗದ್ದೆ ಬಿಟ್ಟ ಜನ, ಪರಿಹಾರದ ಕೇಸುಗಳು... ಇಷ್ಟೇ. ನಿಜವಾದ ಕಡಲ ಹಕ್ಕಿಗಳು ಮಾತ್ರ ಪ್ರತಿ ವರ್ಷ ಸದ್ದಿಲ್ಲದೆ ಬಂದು ಹೋಗ್ತಾ ಇವೆ.

ನಾನು ಅವನ್ನು ಎಣಿಸೋದು ಅಂಕೋಲಾ ಪೇಟೆ ಪಕ್ಕದ ಕೇಣಿಯಲ್ಲಿ. ಆಗಸ್ಟ್‌ನಲ್ಲಿ, ಮಳೆ ಇನ್ನೂ ಬಿಟ್ಟಿರೋದಿಲ್ಲ, ಆಗಲೇ ಮೊದಲ ಸ್ಯಾಂಡ್ ಪ್ಲೋವರ್‌ಗಳು ಇಳಿದಿರ್ತವೆ. ಗುಬ್ಬಿಗಿಂತ ಸ್ವಲ್ಪ ದೊಡ್ಡವು, ಮರಳಿನದೇ ಬಣ್ಣ. ನಾಲ್ಕು ಹೆಜ್ಜೆ ಓಡ್ತವೆ, ಗಕ್ಕನೆ ನಿಲ್ತವೆ, ಕುಕ್ತವೆ. ಮರಿ ಮಾಡಿ ಬಂದಿದ್ದು ಹಿಮಾಲಯದ ಆಚೆ, ಟಿಬೆಟ್ಟಿನ ಕಡೆಯ ಎತ್ತರದ ಬಯಲಲ್ಲಿ! ಮೊದಲು ಬರೋವು ದೊಡ್ಡ ಹಕ್ಕಿಗಳು. ಕೆಲವಕ್ಕೆ ಎದೆಯ ಇಟ್ಟಿಗೆ ಬಣ್ಣ ಇನ್ನೂ ಮಾಸಿರೋದಿಲ್ಲ. ಆ ವರ್ಷದ ಮರಿಗಳು ಹಿಂದಿನಿಂದ ಬರ್ತವೆ. ಚಳಿಗಾಲದಲ್ಲಿ ರಂಪಣಿ ಎಳೆಯೋ ಹೊತ್ತಿಗೆ ಕಂದು ತಲೆಯ ಕಡಲಕ್ಕಿಗಳೂ ಬಲೆಯ ಮೇಲೆ ಸುತ್ತುತಾ ಇರ್ತವೆ.

ವಲಸೆ ಹಕ್ಕಿಗಳನ್ನ ನೋಡೋಕಂತಲೇ 1901ರಲ್ಲಿ ಬಾಲ್ಟಿಕ್ ತೀರದ ರೊಸಿಟ್ಟನ್‌ನಲ್ಲಿ ಒಂದು ಕೇಂದ್ರ ಶುರುವಾಯ್ತು. ನಮ್ಮಲ್ಲಿ ತಮಿಳುನಾಡಿನ ಕೋಡಿಕ್ಕರೈಯಲ್ಲಿ ಬಿಎನ್‌ಎಚ್‌ಎಸ್‌ನವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದ್ದಾರೆ. 2007ರಲ್ಲಿ ಮೈಗ್ರಂಟ್‌ವಾಚ್ ಬಂದ ಮೇಲೆ ನಮ್ಮಂಥವರೂ ಹಕ್ಕಿ ಬಂದ ದಿನ ಬರೆದಿಡೋಕೆ ಶುರು ಮಾಡಿದ್ವಿ. ಈಗ ಅದೆಲ್ಲ ಇ-ಬರ್ಡ್‌ಗೆ ಹೋಗುತ್ತೆ. ಕೇಣಿಯಲ್ಲಿ ನನ್ನ ‘ಕೇಂದ್ರ’ ಅಂದ್ರೆ ಒಂದು ದುರ್ಬೀನು, ಒಂದು ನೋಟ್‌ಬುಕ್. ನಿಯಮ ಸುಲಭ: ಅದೇ ಜಾಗ, ಅದೇ ಭರತದ ಹೊತ್ತು. ಇಳಿತದಲ್ಲಿ ಹಕ್ಕಿಗಳು ಚೆದುರಿ ಹೋಗ್ತವೆ. ಭರತದಲ್ಲಿ ಒಣ ಮರಳಿಗೆ ಬಂದು ಗುಂಪಾಗಿ ಕೂರ್ತವೆ. ಒಂದೂ ಕಾಣದಿದ್ದರೆ ಸೊನ್ನೆ ಅಂತಲೂ ಬರೀಬೇಕು.

ಆ ಸೊನ್ನೆಗೆ ಈಗ ಬೇರೆಯೇ ಭಾರ ಬಂದಿದೆ. ಇಲ್ಲಿ ವಾಣಿಜ್ಯ ಬಂದರು ಕಟ್ಟೋ ಗುತ್ತಿಗೆ 2023ರಲ್ಲಿ ಆಯ್ತು, 2025ರಲ್ಲಿ ಮೀನುಗಾರರು ಬೀದಿಗಿಳಿದರು. ಬಲೆ ಹೆಣೀತಾ ಕೂತಿದ್ದ ಅಜ್ಜರೊಬ್ಬರು ಕೇಳಿದ್ರು, “ತಮಾ, ಎಣ್ಸಿ ಎಂತ ಮಾಡ್ತೆ?”

“ನಾಳೆ ಕಡಿಮೆಯಾದ್ರೆ, ಮೊದಲು ಇಷ್ಟಿದ್ವು ಅಂತ ತೋರಿಸ್ಬಹುದಲ್ಲ ಅಜ್ಜ.”

ಅವರು ಬಲೆಯಿಂದ ಕಣ್ಣೆತ್ತಲಿಲ್ಲ. “ಹಂಗಾರೆ ದೋಣೀನೂ ಎಣ್ಸು.”

ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಇದೆ. ನಿಮ್ಮೂರಿನ ಕೆರೆಗೋ ಕಡಲಿಗೋ ಈ ಸಲ ಮೊದಲ ಹಕ್ಕಿ ಯಾವತ್ತು ಬಂತು? ತಾರೀಖು ಸಮೇತ ಬರೆದಿಡ್ತೀರಲ್ಲ?