ಕಡಲಿಗೆ ಒಪ್ಪಿಸಿದ ಗೂಡು

ಶಿಲ್ಪವೆಂದರೆ ಕಾಲವನ್ನು ಗೆದ್ದು ನಿಲ್ಲಬೇಕೆಂಬುದು ಲೋಕದ ನಂಬಿಕೆ. 1956ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಆಂಡಿ ಗೋಲ್ಡ್ಸ್‌ವರ್ದಿಯವರಾದರೋ ಅಳಿಯುವುದನ್ನೇ ಕಟ್ಟುವ ಶಿಲ್ಪಿ. ಕೆನಡಾದ ನೋವಾ ಸ್ಕೋಶಿಯಾ ಕಡಲತಡಿಯಲ್ಲಿ ಅವರು ದುಡಿದ ಬಗೆಯನ್ನು 2001ರ ‘ರಿವರ್ಸ್ ಅಂಡ್ ಟೈಡ್ಸ್’ ಸಾಕ್ಷ್ಯಚಿತ್ರದಲ್ಲಿ ಕಾಣಬಹುದು.

ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಶಂಕುವೊಂದನ್ನು ಎತ್ತಹೊರಟರೆ ಅದು ಮತ್ತೆ ಮತ್ತೆ ಕುಸಿಯಿತು. ಅತ್ತ ಉಬ್ಬರದ ವೇಳೆ ಸಮೀಪಿಸುತ್ತಿತ್ತು. ಆದರೂ ಪ್ರತಿಯೊಂದು ಕುಸಿತವೂ ಕಲ್ಲಿನ ಗುಣವನ್ನು ಕೈಗೆ ಇನ್ನಷ್ಟು ತಿಳಿಸಿಕೊಟ್ಟಿತು.

ನೀರು ತಂದೊಗೆದ ಮರದ ತುಂಡುಗಳಿಂದ ಅವರು ಗುಮ್ಮಟದಂಥ ಗೂಡನ್ನೂ ಹೆಣೆದರು. ಏರಿಬಂದ ಕಡಲು ಅದನ್ನು ಬಡಿದು ಕೆಡವಲಿಲ್ಲ. ಮೆಲ್ಲನೆ ಎತ್ತಿ, ಸುತ್ತಿಸುತ್ತ, ಬಿಡಿಬಿಡಿಯಾಗಿಸಿ ಒಯ್ದಿತು. ನೀರು ಕೊಟ್ಟುದು ನೀರಿಗೇ ಸಂದಿತು.

ಹಾಗಾದರೆ ದಿನವಿಡೀ ದುಡಿದುದರ ಫಲವೇನು? ಒಂದಿಷ್ಟು ಚಿತ್ರ, ಮತ್ತು ಕಲ್ಲು, ಮರ, ನೀರುಗಳನ್ನು ನಿನ್ನೆಗಿಂತ ಚೆನ್ನಾಗಿ ಬಲ್ಲ ಎರಡು ಕೈಗಳು.